ರಾತ್ರಿ ವೇಳೆ ನಿದ್ರಾಭಂಗ ಮಾಡುವ ಸಾಕುಪ್ರಾಣಿಗಳು: ಕಾರಣಗಳು ಮತ್ತು ಪರಿಹಾರೋಪಾಯಗಳು

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸಾಕುನಾಯಿಯು ರಾತ್ರಿಯಿಡೀ ಬೊಗಳುವುದು, ಬೆಕ್ಕು ನಡುರಾತ್ರಿಯಲ್ಲಿ ಕೂಗುತ್ತಾ ಮನೆಯೊಳಗೆ ಓಡಾಡುವುದು, ಹುಂಜವು ಬೆಳಕು ಹರಿಯುವ ಮುನ್ನವೇ ಕೂಗುವುದು, ಇವು ಪ್ರಾಣಿಗಳನ್ನು ಸಾಕಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಗಳಾಗಿವೆ. ಇದರಿಂದ ಮನೆಯವರ ನಿದ್ರೆ ಕೆಡುವುದಲ್ಲದೆ ನೆರೆಹೊರೆಯವರೊಡನೆ ಮನಸ್ತಾಪವೂ ಉಂಟಾಗುತ್ತದೆ. ಬೇಸತ್ತ ಮಾಲೀಕರು ಪ್ರಾಣಿಯನ್ನು ಹೊಡೆಯುವುದು, ಊರಾಚೆ ಬಿಟ್ಟುಬರುವುದು ಮುಂತಾದ ತಪ್ಪು ಮಾರ್ಗಗಳನ್ನು ಹಿಡಿಯುವುದುಂಟು.

ಪ್ರಾಣಿಯು ಕಾರಣವಿಲ್ಲದೆ ಸದ್ದು ಮಾಡುವುದಿಲ್ಲ. ಹಸಿವು, ನೋವು, ಭಯ, ಬೆದೆ, ಒಂಟಿತನ ಇವುಗಳಲ್ಲಿ ಯಾವುದಾದರೂ ಒಂದು ಅದರ ಹಿಂದೆ ಇರುತ್ತದೆ. ಬೆಟ್ಟಗುಡ್ಡ ಮತ್ತು ಅರಣ್ಯಗಳಿಂದ ಸುತ್ತುವರಿದ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಯಿಯ ಬೊಗಳುವಿಕೆಯು ವನ್ಯಪ್ರಾಣಿಯ ಸುಳಿವೂ ಆಗಿರಬಹುದು. ಆದುದರಿಂದ ಸದ್ದನ್ನು ನಿಲ್ಲಿಸುವ ಮೊದಲು ಅದರ ಕಾರಣವನ್ನು ತಿಳಿಯುವುದು ಅವಶ್ಯಕ.

1. ಮೊದಲು ಗಮನಿಸಬೇಕಾದುದು: ರೇಬೀಸ್ ರೋಗದ ಲಕ್ಷಣಗಳು

ಇದುವರೆಗೆ ಶಾಂತವಾಗಿದ್ದ ನಾಯಿಯು ಇದ್ದಕ್ಕಿದ್ದಂತೆ ರಾತ್ರಿ ಹೊತ್ತು ಚಡಪಡಿಸಿ ಕೂಗಲಾರಂಭಿಸಿದರೆ ಈ ಕೆಳಗಿನ ಲಕ್ಷಣಗಳಿವೆಯೇ ಎಂದು ದೂರದಿಂದಲೇ ಗಮನಿಸತಕ್ಕದ್ದು.

- ಬೊಗಳುವ ಧ್ವನಿ ಬದಲಾಗಿ ಒಡಕಲು ಅಥವಾ ಊಳಿಡುವ ಸ್ವರವಾಗಿರುವುದು
- ಬಾಯಿಯಿಂದ ಜೊಲ್ಲು ಸುರಿಯುವುದು, ಕೆಳದವಡೆ ಜೋತುಬೀಳುವುದು
- ಆಹಾರ ಮತ್ತು ನೀರನ್ನು ನುಂಗಲಾಗದಿರುವುದು
- ಮಾಲೀಕರನ್ನು ಗುರುತಿಸದಿರುವುದು, ಕಾರಣವಿಲ್ಲದೆ ಕಚ್ಚುವುದು, ಕಲ್ಲು ಕಡ್ಡಿಗಳನ್ನು ಕಡಿಯುವುದು
- ಹಿಂಗಾಲುಗಳು ತೂರಾಡುವುದು

ಇಂತಹ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಭಾವಿಸಿ ಬಾಯಿಯೊಳಗೆ ಕೈ ಹಾಕುವುದು ಅತ್ಯಂತ ಅಪಾಯಕಾರಿ. ರೇಬೀಸ್ ಅಥವಾ ಹುಚ್ಚುನಾಯಿ ರೋಗವು ಜೊಲ್ಲಿನ ಮೂಲಕ ಹರಡುತ್ತದೆ. ಲಕ್ಷಣಗಳು ಕಾಣಿಸಿಕೊಂಡ ನಂತರ ಈ ರೋಗಕ್ಕೆ ಪರಿಣಾಮಕಾರಿ ಚಿಕಿತ್ಸೆ ಇಲ್ಲ. ನಾಯಿಯನ್ನು ಯಾರೂ ಮುಟ್ಟದಂತೆ ಪ್ರತ್ಯೇಕಿಸಿ ಕೂಡಲೇ ಪಶುವೈದ್ಯರಿಗೆ ತಿಳಿಸುವುದು.

ಕಚ್ಚಿದ ಅಥವಾ ಪರಚಿದ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷಗಳ ಕಾಲ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯತಕ್ಕದ್ದು. ಗಾಯಕ್ಕೆ ಸುಣ್ಣ, ಖಾರದಪುಡಿ, ಎಣ್ಣೆ ಮುಂತಾದವುಗಳನ್ನು ಹಚ್ಚಬಾರದು. ಸಾಕುನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ಪುನಃ ಹಾಕಿಸುವುದು. ಬೆಕ್ಕುಗಳಿಗೂ ಈ ಲಸಿಕೆ ಅವಶ್ಯಕ.

2. ವನ್ಯಪ್ರಾಣಿಗಳ ಸುಳಿವು

ನಾಯಿಯ ಶ್ರವಣಶಕ್ತಿಯು ಮನುಷ್ಯನಿಗಿಂತ ತೀಕ್ಷ್ಣವಾದುದು. ನಮಗೆ ಸುಮಾರು 20,000 ಹರ್ಟ್ಜ್‌ವರೆಗಿನ ಶಬ್ದ ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗಿನ ಶಬ್ದ ಕೇಳಿಸುತ್ತದೆ. ಅದರ ಘ್ರಾಣಶಕ್ತಿಯು ಇನ್ನೂ ಹೆಚ್ಚಿನದು. ಆದ್ದರಿಂದ ನಮಗೆ ಏನೂ ಕಾಣದಿದ್ದಾಗಲೂ ಅದು ಬೊಗಳುವುದು ಸಹಜ.

ಮಾಗಡಿ ತಾಲ್ಲೂಕಿನ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ ಮೊದಲಾದ ಕಲ್ಲುಬೆಟ್ಟಗಳ ಸುತ್ತಮುತ್ತ ಚಿರತೆ ಮತ್ತು ಕರಡಿಗಳಿವೆ. ಚನ್ನಪಟ್ಟಣ ತಾಲ್ಲೂಕಿನ ತೆಂಗಿನಕಲ್ಲು ಅರಣ್ಯದ ಅಂಚಿನ ಗ್ರಾಮಗಳಿಗೂ ಕನಕಪುರ ತಾಲ್ಲೂಕಿನ ಕಾಡಂಚಿನ ಗ್ರಾಮಗಳಿಗೂ ಕಾಡಾನೆಗಳು ಬರುವುದುಂಟು. ಚಿರತೆಗೆ ನಾಯಿಯು ಸುಲಭವಾದ ಬೇಟೆ. ನಾಯಿಯನ್ನು ಅರಸಿ ಚಿರತೆಯು ಮನೆಯಂಗಳಕ್ಕೂ ಬರುತ್ತದೆ. 2020ರ ಮೇ ತಿಂಗಳಿನಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ಮನುಷ್ಯರೇ ಬಲಿಯಾದ ಘಟನೆಗಳನ್ನು ಇಲ್ಲಿ ಸ್ಮರಿಸಬಹುದು.

ದಿನವೂ ಒಂದೇ ಹೊತ್ತಿಗೆ, ಒಂದೇ ಧಾಟಿಯಲ್ಲಿ ಬೊಗಳುವ ನಾಯಿಯು ಬಹುಮಟ್ಟಿಗೆ ದಾರಿಹೋಕರಿಗೋ ಬೀದಿನಾಯಿಗೋ ಪ್ರತಿಕ್ರಿಯಿಸುತ್ತಿರುತ್ತದೆ. ಆದರೆ ಅಭ್ಯಾಸವಿಲ್ಲದ ಹೊತ್ತಿನಲ್ಲಿ ಒಂದೇ ದಿಕ್ಕಿಗೆ ನೋಡುತ್ತಾ ಬೊಗಳುವುದು, ಬೊಗಳುತ್ತಲೇ ಹಿಂದೆ ಸರಿದು ಬಾಲ ಮುದುರಿ ಬಾಗಿಲ ಬಳಿ ಬರುವುದು, ಕೊಟ್ಟಿಗೆಯ ದನಕರುಗಳೂ ಬೆದರುವುದು, ಇವು ಕಂಡುಬಂದರೆ ಎಚ್ಚರ ವಹಿಸುವುದು ಸೂಕ್ತ. ಆಗ ಅನುಸರಿಸಬೇಕಾದ ಕ್ರಮಗಳು:

- ನಾಯಿಯನ್ನು ಸುಮ್ಮನಿರಿಸಲೆಂದು ಒಬ್ಬರೇ ಕತ್ತಲೆಗೆ ಹೋಗಬಾರದು. ಮನೆಯೊಳಗಿನಿಂದಲೇ ಹೊರಗಿನ ದೀಪ ಹಾಕಿ ನೋಡುವುದು.
- ನಾಯಿಯನ್ನು ಪ್ರಾಣಿಯ ಮೇಲೆ ಛೂಬಿಡಬಾರದು. ಆನೆ ಅಥವಾ ಕರಡಿಯನ್ನು ಕೆಣಕಿದ ನಾಯಿಯು ರಕ್ಷಣೆಗಾಗಿ ಮಾಲೀಕರ ಬಳಿಗೇ ಓಡಿಬರುತ್ತದೆ. ಪ್ರಾಣಿಯೂ ಅದರ ಹಿಂದೆ ಬರುತ್ತದೆ.
- ರಾತ್ರಿ ಹೊತ್ತು ನಾಯಿಯನ್ನು ಅಂಗಳದಲ್ಲಿ ಸರಪಳಿಯಿಂದ ಕಟ್ಟಬಾರದು. ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ಅವಕಾಶವಿರುವುದಿಲ್ಲ. ಮನೆಯೊಳಗೆ ಅಥವಾ ಗಟ್ಟಿ ಬಾಗಿಲು ಮತ್ತು ಮೇಲ್ಛಾವಣಿಯುಳ್ಳ ಗೂಡಿನಲ್ಲಿ ಮಲಗಿಸುವುದು.
- ಮಾಂಸದ ತ್ಯಾಜ್ಯ, ಉಳಿದ ಆಹಾರವನ್ನು ಮನೆಯ ಸುತ್ತ ಎಸೆಯಬಾರದು.
- ವನ್ಯಪ್ರಾಣಿ ಕಂಡುಬಂದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು.

ಕಾವಲಿಗಾಗಿ ನಾಯಿ ಹೊರಗೇ ಇರಬೇಕೆಂಬ ಭಾವನೆ ರೈತ ಕುಟುಂಬಗಳಲ್ಲಿದೆ. ಒಳಗೆ ಮಲಗಿದ ನಾಯಿಯೂ ಹೊರಗಿನ ಸಪ್ಪಳಕ್ಕೆ ಎಚ್ಚರಗೊಂಡು ಸೂಚನೆ ನೀಡುತ್ತದೆ. ಕ್ಷುಲ್ಲಕ ಕಾರಣಕ್ಕೆ ಬೊಗಳುವುದು ಕಡಿಮೆಯಾದಾಗ ಅದರ ನಿಜವಾದ ಎಚ್ಚರಿಕೆಯನ್ನು ಗುರುತಿಸುವುದೂ ಸುಲಭವಾಗುತ್ತದೆ.

3. ಅನಾರೋಗ್ಯ ಮತ್ತು ವೃದ್ಧಾಪ್ಯ

ಮೇಲಿನ ಎರಡು ಕಾರಣಗಳು ಇಲ್ಲವೆಂದು ಖಚಿತವಾದ ನಂತರ ಪ್ರಾಣಿಯ ಆರೋಗ್ಯವನ್ನು ಪರೀಕ್ಷಿಸುವುದು.

ಉಣ್ಣೆ, ಚಿಗಟ ಮತ್ತು ಕಜ್ಜಿಯ ತುರಿಕೆಯಿಂದ ಪ್ರಾಣಿಯು ಮಲಗಲಾರದು. ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಬಾಲದ ಬುಡದಲ್ಲಿ ನೋಡತಕ್ಕದ್ದು. ಮೂತ್ರಪಿಂಡದ ಕಾಯಿಲೆ ಅಥವಾ ಮಧುಮೇಹವಿರುವ ಪ್ರಾಣಿಗಳು ಹೆಚ್ಚು ನೀರು ಕುಡಿದು ರಾತ್ರಿ ಮೂತ್ರಕ್ಕಾಗಿ ಹಲವು ಬಾರಿ ಏಳುತ್ತವೆ. ವಯಸ್ಸಾದ ನಾಯಿಗಳಲ್ಲಿ ಕೀಲುನೋವು, ದೃಷ್ಟಿಮಾಂದ್ಯ ಮತ್ತು ಮರೆವು ಕಾಣಿಸಿಕೊಳ್ಳುತ್ತವೆ. ಅವು ಹಗಲೆಲ್ಲ ಮಲಗಿ, ರಾತ್ರಿ ದಿಕ್ಕು ತೋಚದೆ ತಿರುಗಾಡುತ್ತವೆ, ಗೋಡೆಯ ಮೂಲೆಗೆ ನಿಂತು ಕೂಗುತ್ತವೆ. ಇದು ಹಟವಲ್ಲ, ರೋಗ. ಮಂದ ದೀಪ, ಮೆತ್ತನೆಯ ಹಾಸಿಗೆ, ಹಗಲಿನ ಅಲ್ಪ ನಡಿಗೆ ಹಾಗೂ ಪಶುವೈದ್ಯರ ಔಷಧಿಯಿಂದ ಸಾಕಷ್ಟು ಉಪಶಮನ ದೊರೆಯುತ್ತದೆ. ವಯಸ್ಸಾದ ಬೆಕ್ಕು ತೂಕ ಕಳೆದುಕೊಳ್ಳುತ್ತಾ ರಾತ್ರಿ ಜೋರಾಗಿ ಕೂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳಿತು.

ಎಚ್ಚರಿಕೆ: ಮನುಷ್ಯರು ಬಳಸುವ ನಿದ್ರೆಮಾತ್ರೆ ಮತ್ತು ನೋವಿನ ಮಾತ್ರೆಗಳನ್ನು ಪ್ರಾಣಿಗಳಿಗೆ ಕೊಡಬಾರದು. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಬೆಕ್ಕಿನ ಪ್ರಾಣಕ್ಕೆ ಎರವಾಗಬಹುದು.

4. ನಾಯಿಗಳ ಪಾಲನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಹಗಲೆಲ್ಲ ಕಟ್ಟಿಹಾಕಿದ ನಾಯಿಯು ರಾತ್ರಿ ಬೊಗಳುವುದು ಹೆಚ್ಚು. ದೇಹಕ್ಕೆ ದಣಿವಿಲ್ಲದಿರುವುದೇ ಇದಕ್ಕೆ ಕಾರಣ.

- ಬೆಳಿಗ್ಗೆ ಮತ್ತು ಸಂಜೆ ಕನಿಷ್ಠ ಅರ್ಧ ಗಂಟೆಯಷ್ಟು ನಡೆಸುವುದು ಅಥವಾ ಓಡಿಸುವುದು. ಮುಧೋಳದಂತಹ ಬೇಟೆ ತಳಿಗಳಿಗೆ ಇನ್ನೂ ಹೆಚ್ಚಿನ ಓಟ ಬೇಕು.
- ರಾತ್ರಿಯ ಆಹಾರವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು ನೀಡಿ, ಮಲಗುವ ಮುನ್ನ ಮಲಮೂತ್ರಕ್ಕೆ ಹೊರಗೆ ಕರೆದೊಯ್ಯುವುದು.
- ಬೀದಿ ಕಾಣದ ಕಡೆ ಮಲಗುವ ಸ್ಥಳ ಮಾಡುವುದು.
- ಬೊಗಳಿದಾಗಲೆಲ್ಲ ಬಿಸ್ಕತ್ತು ಹಾಕಿ ಸುಮ್ಮನಿರಿಸಬಾರದು. ಬೊಗಳಿದರೆ ತಿಂಡಿ ಸಿಗುತ್ತದೆ ಎಂದು ಅದು ಕಲಿಯುತ್ತದೆ. ಗದರಿ ಕೂಗಿದರೆ ಮಾಲೀಕರೂ ತನ್ನೊಡನೆ ಬೊಗಳುತ್ತಿದ್ದಾರೆಂದೇ ಅದು ತಿಳಿಯುತ್ತದೆ. ಸುಮ್ಮನಾದ ನಂತರ ಮೆಚ್ಚುಗೆ ಸೂಚಿಸುವುದು ಸರಿಯಾದ ವಿಧಾನ.
- ಅಭ್ಯಾಸ ಬಿಡಿಸುವ ಮೊದಲ ಕೆಲವು ರಾತ್ರಿ ಬೊಗಳುವುದು ಹೆಚ್ಚಾಗಬಹುದು. ಮನೆಯವರೆಲ್ಲರೂ ಒಂದೇ ಕ್ರಮವನ್ನು ಬಿಡದೆ ಪಾಲಿಸಿದರೆ ಕೆಲವು ವಾರಗಳಲ್ಲಿ ಬದಲಾವಣೆ ಕಂಡುಬರುತ್ತದೆ.

ನಾಯಿಮರಿಗಳು: ಎಂಟು ವಾರ ತುಂಬದ ಮರಿಗಳ ಮಾರಾಟವನ್ನು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ನಿಷೇಧಿಸಿವೆ. ತಾಯಿಯಿಂದ ಬೇಗ ಅಗಲಿಸಿದ ಮರಿ ರಾತ್ರಿ ಅಳುವುದು ಸಹಜ. ಮೊದಲ ಕೆಲವು ದಿನ ಮನೆಯವರು ಮಲಗುವ ಕೋಣೆಯಲ್ಲಿಯೇ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ಮಲಗಿಸಿ, ರಾತ್ರಿ ಒಂದೆರಡು ಬಾರಿ ಮೂತ್ರಕ್ಕೆ ಹೊರಗೆ ಬಿಡುವುದು.

ಪಟಾಕಿ: ದೀಪಾವಳಿ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ ಒಳಕೋಣೆಯಲ್ಲಿ ಇರಿಸುವುದು. ಅತಿಯಾಗಿ ನಡುಗುವ ಪ್ರಾಣಿಗಳಿಗೆ ಮುಂಚಿತವಾಗಿ ಪಶುವೈದ್ಯರ ಸಲಹೆ ಪಡೆಯುವುದು.

5. ಬೆಕ್ಕು ಮತ್ತು ಹುಂಜ

ಬೆಕ್ಕು ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಬೇಟೆಯಾಡುವ ಪ್ರಾಣಿ. ಹಗಲಿನಲ್ಲಿ ಹೆಚ್ಚು ಹೊತ್ತು ನಿದ್ರಿಸಿ ನಸುಕಿನಲ್ಲಿ ಮಾಲೀಕರನ್ನು ಎಬ್ಬಿಸುವುದು ಅದರ ಸ್ವಭಾವ. ಸಂಜೆ ಕಾಲು ಗಂಟೆ ದಾರ ಅಥವಾ ಬಟ್ಟೆಯ ಚೆಂಡಿನಿಂದ ಆಟವಾಡಿಸಿ, ಅನಂತರ ಹೊಟ್ಟೆ ತುಂಬ ಆಹಾರ ನೀಡಿದರೆ ಅದು ಮಲಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡುವುದು; ನುಂಗಿದರೆ ಕರುಳಿಗೆ ಅಪಾಯ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು ಮಕ್ಕಳಿಗಾಗಿ ತಯಾರಾದವು. ಅವುಗಳನ್ನು ನಾಯಿಗೆ ಕಡಿಯಲು ಕೊಟ್ಟರೆ ಚೂರುಗಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ರಾತ್ರಿ ಮಗುವಿನ ಅಳುವನ್ನು ಹೋಲುವ ಬೆಕ್ಕಿನ ಕೂಗು ಸಾಮಾನ್ಯವಾಗಿ ಬೆದೆಯ ಲಕ್ಷಣ. ಇದು ಅಪಶಕುನವಲ್ಲ. ಹೆಣ್ಣು ಮತ್ತು ಗಂಡು ಬೆಕ್ಕುಗಳೆರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಇದಕ್ಕೆ ಶಾಶ್ವತ ಪರಿಹಾರ. ಹೆಣ್ಣುನಾಯಿ ಬೆದೆಗೆ ಬಂದಾಗ ಮನೆಯ ಸುತ್ತ ಗಂಡುನಾಯಿಗಳು ಸೇರಿ ಕಚ್ಚಾಡುವುದನ್ನೂ ಈ ಶಸ್ತ್ರಚಿಕಿತ್ಸೆಯಿಂದ ತಪ್ಪಿಸಬಹುದು.

ಹುಂಜವು ಬೆಳಕನ್ನು ನೋಡಿ ಮಾತ್ರ ಕೂಗುವುದಿಲ್ಲ. ಅದರ ದೇಹದೊಳಗಿನ ಗಡಿಯಾರವೇ ನಸುಕನ್ನು ತಿಳಿಸುತ್ತದೆಂದು 2013ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಕೂಗುವುದನ್ನು ಪೂರ್ತಿ ನಿಲ್ಲಿಸಲು ಸಾಧ್ಯವಿಲ್ಲ. ಗಾಳಿಯಾಡುವ, ಆದರೆ ಕತ್ತಲಿರುವ ಗೂಡನ್ನು ಮಲಗುವ ಕೋಣೆಯಿಂದ ದೂರವಿಟ್ಟರೆ ತೊಂದರೆ ಕಡಿಮೆಯಾಗುತ್ತದೆ.

6. ರೇಷ್ಮೆ ಬೆಳೆಗಾರರಿಗೆ ವಿಶೇಷ ಸೂಚನೆ

ರೇಷ್ಮೆ ಹುಳುವು ತಾನು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗವನ್ನು ಐದನೇ ಹಂತದ ಸುಮಾರು ಒಂದು ವಾರದಲ್ಲಿ ತಿನ್ನುತ್ತದೆ. ಈ ದಿನಗಳಲ್ಲಿ ರಾತ್ರಿಯೂ ಸೊಪ್ಪು ಹಾಕಬೇಕಾದ್ದರಿಂದ ಬೆಳೆಗಾರರಿಗೆ ದೊರೆಯುವ ನಿದ್ರೆಯೇ ಅಲ್ಪ. ಮನೆಯವರು ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವುದರಿಂದ ನಾಯಿಯೂ ಎಚ್ಚರವಾಗಿ ಬೊಗಳುತ್ತದೆ. ಈ ಅವಧಿಯಲ್ಲಿ ನಾಯಿಯ ಗೂಡನ್ನು ಹುಳು ಸಾಕಣೆ ಮನೆಯ ದಾರಿಯಿಂದ ಬೇರೆಡೆಗೆ ಸ್ಥಳಾಂತರಿಸುವುದು ಒಳಿತು.

ಇದಕ್ಕಿಂತ ಮುಖ್ಯವಾದ ವಿಷಯವೆಂದರೆ, ನಾಯಿಯ ಉಣ್ಣೆ ಮತ್ತು ಚಿಗಟ ನಿವಾರಣೆಗೆ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದ ಔಷಧಿಗಳು ರೇಷ್ಮೆ ಹುಳುಗಳಿಗೆ ಮಾರಕ. ಅತ್ಯಲ್ಪ ಪ್ರಮಾಣವೂ ಇಡೀ ಬೆಳೆಯನ್ನು ಹಾಳುಮಾಡಬಹುದು. ಆದ್ದರಿಂದ:

- ಹುಳು ಮನೆಯಲ್ಲಿರುವಾಗ ಇಂತಹ ಔಷಧಿ ಬಳಸದೆ, ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಬಳಸುವುದು.
- ತುರ್ತಾಗಿ ಬೇಕಾದಲ್ಲಿ, ಬಾಯಿಯ ಮೂಲಕ ಕೊಡುವ ಔಷಧಿಯ ಬಗ್ಗೆ ಪಶುವೈದ್ಯರಲ್ಲಿ ವಿಚಾರಿಸುವುದು.
- ಔಷಧಿ ಹಚ್ಚಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹುಳುವನ್ನಾಗಲಿ ಸೊಪ್ಪನ್ನಾಗಲಿ ಮುಟ್ಟಬಾರದು. ನಾಯಿಯನ್ನು ತೊಳೆದ ನೀರನ್ನು ಹಿಪ್ಪುನೇರಳೆ ತೋಟಕ್ಕೆ ಬಿಡಬಾರದು.
- ಇಲಿ ಕಾಟಕ್ಕೆಂದು ಬೆಕ್ಕು ಸಾಕಿದವರು ನಾಯಿಗಾಗಿ ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಬಾರದು. ಅದು ಬೆಕ್ಕಿಗೆ ವಿಷ.

7. ಕಾನೂನು ಮತ್ತು ನೆರೆಹೊರೆ

2000ದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿ ವೇಳೆಯಾಗಿದ್ದು, ವಸತಿ ಪ್ರದೇಶಗಳಿಗೆ ಆ ವೇಳೆಯ ಶಬ್ದ ಮಟ್ಟವನ್ನು 45 ಡೆಸಿಬಲ್ ಎಂದು ನಿಗದಿಪಡಿಸಲಾಗಿದೆ. ನೆರೆಯವರ ನಿದ್ರೆಯ ಬಗ್ಗೆ ಕಾಳಜಿ ವಹಿಸುವುದು ಮಾಲೀಕರ ಹೊಣೆ.

ಅದೇ ರೀತಿ ಪ್ರಾಣಿಯ ರಕ್ಷಣೆಗೂ ಕಾನೂನಿದೆ. 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ 11ನೇ ಪ್ರಕರಣದನ್ವಯ ಪ್ರಾಣಿಯನ್ನು ಹೊಡೆಯುವುದು, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ನೀಡದಿರುವುದು, ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆಯುವುದು ಅಪರಾಧಗಳಾಗಿವೆ. ಪ್ರಾಣಿಗೆ ವಿಷವಿಕ್ಕುವುದು ಭಾರತೀಯ ನ್ಯಾಯ ಸಂಹಿತೆ, 2023ರ 325ನೇ ಪ್ರಕರಣದಂತೆ ಐದು ವರ್ಷಗಳವರೆಗೆ ಕಾರಾಗೃಹ ಶಿಕ್ಷೆಗೆ ಗುರಿಪಡಿಸುತ್ತದೆ.

ತೊಂದರೆಗೊಳಗಾದ ನೆರೆಯವರು ನಾಯಿ ಬೊಗಳುವ ದಿನ ಮತ್ತು ವೇಳೆಯನ್ನು ಒಂದು ವಾರ ಬರೆದಿಟ್ಟು ಮಾಲೀಕರಿಗೆ ತಿಳಿಸುವುದು ಉತ್ತಮ. ಮಾಲೀಕರು ಮನೆಯಲ್ಲಿಲ್ಲದಾಗ ನಾಯಿ ಬೊಗಳುತ್ತಿರುವುದು ಅವರಿಗೆ ತಿಳಿದಿರಲಾರದು. ಈ ಬರಹವು ಪಶುವೈದ್ಯರಿಗೂ ಕಾರಣ ಪತ್ತೆಹಚ್ಚಲು ನೆರವಾಗುತ್ತದೆ.

8. ಸಂಪರ್ಕ

ಪ್ರಾಣಿಯ ವಯಸ್ಸು, ತೊಂದರೆ ಆರಂಭವಾದ ದಿನ, ಆಹಾರ, ಹಾಕಿಸಿದ ಲಸಿಕೆಗಳ ವಿವರಗಳೊಂದಿಗೆ ಹತ್ತಿರದ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಅಥವಾ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರವನ್ನು ಸಂಪರ್ಕಿಸುವುದು. ಸಂಚಾರಿ ಪಶು ಚಿಕಿತ್ಸಾ ಸೇವೆಗಾಗಿ ಶುಲ್ಕರಹಿತ ದೂರವಾಣಿ 1962ಕ್ಕೆ ಕರೆ ಮಾಡಬಹುದು. ರಾತ್ರಿಯ ಕೂಗಿನ ಕಾರಣವನ್ನು ಬೇಗ ತಿಳಿದಷ್ಟೂ ಪ್ರಾಣಿಗೂ ಮನೆಯವರಿಗೂ ಊರಿಗೂ ಕ್ಷೇಮ.