ಸಕ್ಕರೆ ಕಾಯಿಲೆಯವರ ಹೃದಯಕ್ಕೆ ನಡಿಗೆಯೋ, ಜೀವಸತ್ವದ ಮಾತ್ರೆಯೋ?

ಗೋರ್ಟಾ (ಬಿ) ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ ರಾಶಿ ಮುಗಿದರೆ ಮುಂಗಾರಿನವರೆಗೆ ಮೈಗೆ ಕೆಲಸ ಕಡಿಮೆ. ಸಕ್ಕರೆ ಕಾಯಿಲೆಯುಳ್ಳ ರೈತರು ಎಚ್ಚರದಿಂದಿರಬೇಕಾದ ಕಾಲವಿದು. ಈ ಕಾಯಿಲೆ ರಕ್ತನಾಳಗಳನ್ನು ಕೆಡಿಸುವುದರಿಂದ ಹೃದಯಾಘಾತದ ಸಂಭವ ಹೆಚ್ಚು. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಆದರೆ ಈ ಗುಣ ಒಂದೆರಡು ದಿನ ಮಾತ್ರ ಉಳಿಯುವುದು. ಆದ್ದರಿಂದ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ಒಮ್ಮೆಲೇ ಎರಡು ದಿನಕ್ಕಿಂತ ಹೆಚ್ಚು ಬಿಡಕೂಡದು. ಬರಿಗಾಲು ಬೇಡ. ಜೋಮು ಹಿಡಿದ ಪಾದಕ್ಕೆ ತೊಗರಿ ಕೂಳೆ ಚುಚ್ಚಿದರೂ ತಿಳಿಯದು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಲಿ. ಇವರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರುವುದುಂಟು. ಏಕಾಏಕಿ ಏದುಸಿರು, ತಣ್ಣನೆಯ ಬೆವರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೃದಯಕ್ಕೆ ಬಲವೆಂದು ‘ಇ’ ಜೀವಸತ್ವದ ಮಾತ್ರೆ ನುಂಗುವವರಿದ್ದಾರೆ. ಸಕ್ಕರೆ ಕಾಯಿಲೆಯವರೂ ಸೇರಿ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2000ರಲ್ಲಿ ಪ್ರಕಟವಾದ ‘ಹೋಪ್’ ಪ್ರಯೋಗದಲ್ಲಿ ಇದರಿಂದ ಹೃದಯಾಘಾತ ಕಡಿಮೆಯಾಗಲಿಲ್ಲ. ಆ ಹಣದಲ್ಲಿ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಳ್ಳುವುದು ಮೇಲು. ‘ಬಿ12’ ಮಾತು ಬೇರೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ಸೇವಿಸಿದವರಲ್ಲಿ, ವಿಶೇಷವಾಗಿ ಸಸ್ಯಾಹಾರಿಗಳಲ್ಲಿ, ಇದರ ಕೊರತೆ ಉಂಟಾಗಬಹುದು. ಪಾದದ ಜೋಮು ಹೆಚ್ಚಬಹುದು. ಅಂಥವರು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟನ್ನೇ ಸೇವಿಸತಕ್ಕದ್ದು.