ಡೌನ್‌ಲೋಡ್ ಒತ್ತಿದರೆ ಒಪ್ಪಿದ ಹಾಗಾ?

ಸಾಫ್ಟ್‌ವೇರ್ ಇಳಿಸಿಕೊಂಡ ಮಾತ್ರಕ್ಕೆ ಅದರ ಲೈಸೆನ್ಸ್ ಷರತ್ತುಗಳಿಗೆ ನಾವು ಬದ್ಧರಾ? ಅಮೆರಿಕದ ಒಂದು ಕೇಸ್ ನೋಡೋಣ.

ನೆಟ್‌ಸ್ಕೇಪ್ ಕಂಪನಿಯ ಉಚಿತ ಸಾಫ್ಟ್‌ವೇರ್ ‘ಸ್ಮಾರ್ಟ್‌ಡೌನ್‌ಲೋಡ್’ ತಮ್ಮ ಇಂಟರ್ನೆಟ್ ಬಳಕೆಯನ್ನ ಗುಟ್ಟಾಗಿ ಗಮನಿಸುತ್ತೆ ಅಂತ ಕೆಲವು ಬಳಕೆದಾರರು ಕೋರ್ಟಿಗೆ ಹೋದರು. ‘ಲೈಸೆನ್ಸ್ ಪ್ರಕಾರ ನೀವು ಕೋರ್ಟಿಗೆ ಬರೋ ಹಾಗಿಲ್ಲ, ಆರ್ಬಿಟ್ರೇಶನ್‌ಗೆ, ಅಂದರೆ ಖಾಸಗಿ ಪಂಚಾಯ್ತಿಗೆ ಹೋಗಬೇಕು’ ಅನ್ನೋದು ಕಂಪನಿಯ ವಾದ. ಆದರೆ ಲೈಸೆನ್ಸಿನ ಲಿಂಕ್ ಇದ್ದದ್ದು ಡೌನ್‌ಲೋಡ್ ಬಟನ್‌ಗಿಂತ ಕೆಳಗೆ, ಪುಟ ಸರಿಸಿದರೆ ಮಾತ್ರ ಕಾಣೋ ಜಾಗದಲ್ಲಿ. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಬಳಕೆದಾರರ ಮಾತನ್ನೇ ಎತ್ತಿಹಿಡಿಯಿತು. ಕಣ್ಣಿಗೇ ಬೀಳದ ಷರತ್ತಿಗೆ ಒಪ್ಪಿಗೆ ಎಲ್ಲಿಂದ ಬರುತ್ತೆ?

ಹಾಗಂತ ನಿರಾಳ ಆಗಬೇಡಿ. ‘ಐ ಅಗ್ರೀ’ ಒತ್ತಿದ್ದರೆ, ಓದದೇ ಇದ್ದರೂ, ಅಲ್ಲಿನ ಕೋರ್ಟುಗಳು ಸಾಮಾನ್ಯವಾಗಿ ಅದನ್ನ ಒಪ್ಪಂದ ಅಂತಲೇ ನೋಡುತ್ತವೆ. ಒತ್ತೋ ಮುಂಚೆ ‘ಆರ್ಬಿಟ್ರೇಶನ್’ ಅನ್ನೋ ಪದವನ್ನಾದರೂ ಹುಡುಕಿ ನೋಡಿ.