ಕತ್ತಲ ಕಡಲಿಗೆ ಜೊತೆದೋಣಿ

ರಿಚರ್ಡ್ಸ್ ಟೌನಿನವರಿಗೆ ಹಲಸೂರು ಕೆರೆ ದೂರವೇನಲ್ಲ. ಆ ಕೆರೆಯಲ್ಲಿ ಎಂ.ಇ.ಜಿ. ಜವಾನರು ಹಾಯಿದೋಣಿ ನಡೆಸುತ್ತಾರೆ. ಅಲ್ಲಿನ ಕ್ಲಬ್ಬಿನ ಹೆಸರು ತೃಷ್ಣಾ. ಅದೇ ಹೆಸರಿನ ದೋಣಿಯಲ್ಲಿ ಸೇನೆಯ ಇಂಜಿನಿಯರುಗಳು 1985-87ರಲ್ಲಿ ಭೂಮಿಯನ್ನೇ ಸುತ್ತಿ ಬಂದಿದ್ದರು.

ಕೆರೆಯಲ್ಲಿ ಸಂಜೆಯಾದರೆ ದಡ ಸೇರಬಹುದು. ನಡುಗಡಲಲ್ಲಿ ಕತ್ತಲಾದರೆ ಎಲ್ಲಿಗೆ ಹೋಗ್ತೀರಿ? ಪಾಳಿಯ ಮೇಲೆ ಎದ್ದಿದ್ದು ರಾತ್ರಿಯೆಲ್ಲ ದೋಣಿ ನಡೆಸಲೇಬೇಕು. ಅದಕ್ಕೇ ಜೊತೆದೋಣಿ ಇದ್ದರೆ ವಾಸಿ ಅನ್ನೋದು. ಗುರುತು ಹಿಡಿಯುವುದು ದೀಪದಿಂದ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಬಿಳಿ ಮಾತ್ರ ಕಂಡರೆ ಜೊತೆಗಾರ ಮುಂದೆ ಸಾಗುತ್ತಿದ್ದಾನೆ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡವೋ, ನಿಮ್ಮತ್ತಲೇ ಬರುತ್ತಿದ್ದಾನೆ, ಜೋಕೆ!

ಜೊತೆಯ ಬೆಲೆ ಗೊತ್ತಾಗೋದು ಕಷ್ಟ ಬಂದಾಗ. 2018ರ ಸೆಪ್ಟೆಂಬರಿನಲ್ಲಿ, ಒಬ್ಬೊಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕರು. ಹಾಯಿಕಂಬ ಮುರಿಯಿತು, ಬೆನ್ನಿಗೆ ಪೆಟ್ಟಾಗಿ ಏಳಲಾಗಲಿಲ್ಲ. ಎದುರಾಳಿ, ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ದೋಣಿಯ ಕಂಬವೂ ಮುರಿದಿತ್ತು. ಆದರೂ ಆತ ಇದ್ದುದರಲ್ಲೇ ಹಾಯಿ ಕಟ್ಟಿಕೊಂಡು ಟೋಮಿಯತ್ತ ಹೊರಟ! ಮೂರು ದಿನದ ಮೇಲೆ ಫ್ರಾನ್ಸಿನ ಒಸಿರಿಸ್ ಹಡಗು ಬಂದು ಇಬ್ಬರನ್ನೂ ಹತ್ತಿಸಿಕೊಂಡಿತು.

ಮುಂದಿನ ಪಂದ್ಯದಲ್ಲಿ, 2022ರ ನವೆಂಬರಿನಲ್ಲಿ, ಫಿನ್ಲೆಂಡಿನ ತಾಪಿಯೊ ಲೆಹ್ಟಿನೆನ್ ದೋಣಿ ಮುಳುಗಿತು. ದಾರಿ ಬದಲಿಸಿ ಹೋಗಿ ಅವರನ್ನು ಎತ್ತಿಕೊಂಡವರು ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್. ಹಾಗಾದರೆ ಪಂದ್ಯ ಕೈತಪ್ಪಿತು ಅಂತೀರಾ? 2023ರ ಏಪ್ರಿಲಿನಲ್ಲಿ ಗೆದ್ದವರು ಆಕೆಯೇ. ಎರಡನೆಯವರು ಅದೇ ಟೋಮಿ.